ಇಂಡಿ ಲಿಂಬೆಗೆ ಹತ್ತುವ ಬೂಷ್ಟು: ತೋಟಗಾರಿಕೆ ಸಚಿವರಿಗೆ ಪುಣೆಯಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ತೋಟಗಾರಿಕೆ ಸಚಿವರಿಗೆ,

ಸನ್ಮಾನ್ಯರೇ, ನಮಸ್ಕಾರ.

ನಾನು ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಹಣ್ಣಿನ ಅಡತಿ ಅಂಗಡಿ ಇಟ್ಟುಕೊಂಡಿರುವವನು. ಹುಟ್ಟಿದ್ದು ಇಂಡಿ ತಾಲ್ಲೂಕು. ನನ್ನ ಅಂಗಡಿಗೆ ಬರುವ ಮಾಲಿನಲ್ಲಿ ಲಿಂಬೆಯೇ ಜಾಸ್ತಿ, ಕಳಿಸುವವರೂ ನಮ್ಮ ಕಡೆಯ ರೈತರೇ ಜಾಸ್ತಿ. ಮಹಾರಾಷ್ಟ್ರದ ಮಾರುಕಟ್ಟೆಯಲ್ಲಿ ಕೂತವನು ಬೆಂಗಳೂರಿನ ಸಚಿವರಿಗೆ ಯಾಕೆ ಬರೆಯುತ್ತಿದ್ದಾನೆ ಅಂತ ನಿಮಗೆ ಅನ್ನಿಸಬಹುದು. ಬೂಷ್ಟು ಕಣ್ಣಿಗೆ ಬೀಳುವುದು ಪುಣೆಯಲ್ಲಿ. ಅದು ಹತ್ತುವುದು ಊರಲ್ಲಿ. ತಡೆಯಬೇಕಾದ್ದೂ ಊರಲ್ಲೇ. ಸಿಪ್ಪೆಯ ಮೇಲೆ ತಾನಾಗಿ ಬದುಕುವ ಯೀಸ್ಟ್ ಅನ್ನುವ ಸೂಕ್ಷ್ಮಜೀವಿಯಿಂದ ಅದನ್ನು ತಡೆದು ನೋಡಿ ಅಂತ ಕೇಳುವುದಕ್ಕೇ ಈ ಪತ್ರ ನಿಮಗೆ.

ಮೊದಲು ನಾನು ಕಂಡದ್ದನ್ನು ಹೇಳುತ್ತೇನೆ. ಮಳೆಗಾಲದಲ್ಲಿ ಕಾಯಿ ಆರಿಸಿ, ಗೋಣಿ ತುಂಬಿ, ಗಾಡಿ ಲೋಡ್ ಆಗುವವರೆಗೆ ಕಾದು, ಸೊಲ್ಲಾಪುರ, ಇಂದಾಪುರ, ಭಿಗವಣ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಮೂರು ನಾಲ್ಕು ದಿನ ಕಳೆದಿರುತ್ತದೆ. ಬೆಳಗಿನ ಜಾವ ಹಮಾಲರು ಇಳಿಸುತ್ತಾರೆ. ಹೊಲಿಗೆ ಬಿಚ್ಚಿ ಚೀಲ ಸುರುವಿದರೆ ಒಮ್ಮೊಮ್ಮೆ ಹಸಿರು ಧೂಳು ಏಳುತ್ತದೆ. ಹಳೆಯ ಹಮಾಲರು ಚೀಲ ಮುಟ್ಟಿದ ಕೂಡಲೇ ಗೊತ್ತು ಮಾಡಿಕೊಂಡು ಮೂಗಿಗೆ ರುಮಾಲು ಕಟ್ಟಿಕೊಳ್ಳುತ್ತಾರೆ.

ಅಂಥ ಗೋಣಿಯಿಂದ ಒಂದು ಕಾಯಿ ಎತ್ತಿಕೊಂಡು ನೋಡಿ. ಒಂದು ಕಡೆ ಸಿಪ್ಪೆ ನೀರು ಕುಡಿದು ಮೆತ್ತಗಾಗಿರುತ್ತದೆ. ಹೆಬ್ಬೆರಳು ಒತ್ತಿದರೆ ಒಳಗೆ ಇಳಿಯುತ್ತದೆ. ಆ ಮೆತ್ತನೆ ಜಾಗದ ಮೇಲೆ ಬಿಳಿ ಉಂಗುರ, ಉಂಗುರದ ಒಳಗೆ ಹಸಿರು ಪುಡಿ. ಪುಡಿಯನ್ನು ನಿಧಾನವಾಗಿ ಒರೆಸಿದರೆ ನಡುವೆ ಸಣ್ಣ ಗಾಯದ ಚುಕ್ಕೆ ಸಿಗುತ್ತದೆ. ಗಾಯ ಎಲ್ಲಿಂದ ಬಂತು? ಲಿಂಬೆ ಗಿಡಕ್ಕೆ ಮುಳ್ಳಿದೆ. ಕೋಲಿನಿಂದ ಬಡಿದರೆ ಕಾಯಿ ಮುಳ್ಳಿಗೆ ತಾಗಿಯೇ ಕೆಳಗೆ ಬೀಳುತ್ತದೆ, ಬಿದ್ದ ಕಡೆ ಕಲ್ಲೂ ಇರುತ್ತದೆ. ಮಳೆ ನಿಂತ ಬೆಳಿಗ್ಗೆ ಒದ್ದೆ ಕಾಯಿ ಕಿತ್ತರೆ ಸಿಪ್ಪೆಯಲ್ಲಿನ ಎಣ್ಣೆಯ ಗುಳ್ಳೆಗಳು ಒಡೆಯುತ್ತವೆ. ಆಮೇಲೆ ಗೋಣಿಯ ಬಾಯಿ ಹೊಲಿಯುವ ದಬ್ಬಣ. ಅದಾದ ಮೇಲೆ ಗೋಣಿ ಎಳೆಯುವ ಕೊಕ್ಕೆ. ಕೊಕ್ಕೆ ಹಾಕಿದ ಕಡೆ ನಾಲ್ಕೈದು ಕಾಯಿ ಸಾಲಾಗಿ ಕೊಳೆತಿರುವುದನ್ನು ನಾನು ಖರೀದಿದಾರರಿಗೆ ಎಷ್ಟೋ ಸಲ ತೋರಿಸಿದ್ದೇನೆ. ಅವರಿಗೆ ಅದೆಲ್ಲ ಬೇಡ. ಗೋಣಿಯಲ್ಲಿ ಹಸಿರು ಕಂಡರೆ ಇಡೀ ಲೋಡಿನ ದರ ಇಳಿಸುತ್ತಾರೆ, ಇಲ್ಲ ಪಕ್ಕದ ಗಾಳಾಕ್ಕೆ (ಮಳಿಗೆಗೆ) ಹೋಗುತ್ತಾರೆ.

ಈ ಹಸಿರು ಬೂಷ್ಟಿನ ಹೆಸರು ಪೆನಿಸಿಲಿಯಂ ಡಿಜಿಟೇಟಂ. ಇದಕ್ಕೆ ಪೆನಿಸಿಲಿಯಂ ಇಟಾಲಿಕಂ ಅಂತ ನೀಲಿ ಬಣ್ಣದ ದಾಯಾದಿ ಒಂದಿದೆ. ಎರಡೂ ಲಿಂಬೆ, ಕಿತ್ತಳೆ, ಮೋಸಂಬಿಯ ಜಾತಿಗೆ ಅಂಟಿಕೊಂಡವು. ಗಟ್ಟಿಯಾದ, ಗಾಯವಿಲ್ಲದ ಸಿಪ್ಪೆಯ ಮೇಲೆ ಇವುಗಳ ಬೀಜಕಣ ಸುಮ್ನೆ ಕೂತಿರುತ್ತದೆ, ಮೊಳೆಯುವುದಿಲ್ಲ. ಗಾಯದಿಂದ ರಸ ಒಸರಿದರೆ ಮೊಳೆಯುತ್ತದೆ. ಬೆಚ್ಚಗಿನ ಹವೆಯಲ್ಲಿ ಒಂದೆರಡು ದಿನದೊಳಗೆ ಸಿಪ್ಪೆಯ ಅಡಿಗೆ ಇಳಿದುಬಿಡುತ್ತದೆ. ಪೂರ್ತಿ ಹಸಿರಾದ ಒಂದೇ ಹಣ್ಣಿನ ಮೇಲೆ ನೂರು ಕೋಟಿಗೂ ಮೀರಿ ಬೀಜಕಣ ಇರಬಹುದು. ಅದೇ ಗೋಣಿ ಮತ್ತೆ ಊರಿಗೆ ಹೋಗುತ್ತದೆ, ಮತ್ತೆ ತುಂಬಿ ಬರುತ್ತದೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಾಲು ಮಾರಿದ ಮೇಲೆ ರೈತರಿಗೆ ಪಟ್ಟಿ ಹೋಗುತ್ತದೆ. ಅದರಲ್ಲಿ ಗಾಡಿ ಬಾಡಿಗೆ, ಹಮಾಲಿ, ತೋಲಾಯಿ (ತೂಕದ ಕೂಲಿ) ಎಲ್ಲ ಗೋಣಿಯ ಲೆಕ್ಕದಲ್ಲೇ ಕಡಿತವಾಗುತ್ತದೆ. ಒಳಗಿನ ಕಾಯಿ ಒಳ್ಳೆಯದೋ ಕೊಳೆತದ್ದೋ, ಬಾಡಿಗೆಗೆ ಅದು ಲೆಕ್ಕವಿಲ್ಲ. ಮಳೆಗಾಲದಲ್ಲಿ ಆವಕ ಜಾಸ್ತಿ, ದರ ಮೊದಲೇ ಕಡಿಮೆ. ಅದರ ಮೇಲೆ ಬೂಷ್ಟು ಬಂದರೆ ಪಟ್ಟಿಯ ಕೊನೆಯ ಸಾಲಿನಲ್ಲಿ ಉಳಿಯುವುದು ಏನು? ಕೆಲವು ಸಲ ರೈತರೇ ಬಾಡಿಗೆ ತುಂಬಿಕೊಡಬೇಕಾಗುತ್ತದೆ. ಅಂಥ ಪಟ್ಟಿಯನ್ನು ಫೋನಿನಲ್ಲಿ ಓದಿ ಹೇಳುವ ಕೆಲಸ ನನ್ನದು.

ಇಷ್ಟಾದರೆ ಇದು ಹಳೆಯ ಗೋಳು. ನಾನು ಪತ್ರ ಬರೆಯಲು ಕೂತದ್ದು ಇನ್ನೊಂದು ಕಾರಣಕ್ಕೆ.

ಈಚೆಗೆ ಕೆಲವು ಲೋಡುಗಳಲ್ಲಿ ಕಾಯಿಯ ಮೇಲೆ ಬಿಳಿ ಪುಡಿ ಒಣಗಿ ಅಂಟಿದ್ದು ಕಾಣಿಸುತ್ತಿದೆ. ತೊಟ್ಟಿನ ಗುಳಿಯಲ್ಲಿ ಉಗುರಿನಿಂದ ಕೆರೆದರೆ ಬರುತ್ತದೆ. ಕೇಳಿದರೆ, ಊರಿನ ಅಂಗಡಿಯಲ್ಲಿ ಬೂಷ್ಟಿಗೆ ಅಂತ ಪೊಟ್ಟಣ ಕಟ್ಟಿಕೊಟ್ಟರು ಅನ್ನುತ್ತಾರೆ. ಪೊಟ್ಟಣದ ಮೇಲೆ ಹೆಸರಿಲ್ಲ, ಪ್ರಮಾಣವಿಲ್ಲ. ಡ್ರಮ್ಮಿನ ನೀರಿಗೆ ಒಂದು ಹಿಡಿ ಕಲಸಿ ಗೋಣಿಗಟ್ಟಲೆ ಕಾಯಿ ಅದ್ದಿ ತೆಗೆಯುತ್ತಾರೆ. ನೀರು ಬದಲಿಸುವುದಿಲ್ಲ. ಹೊಲಕ್ಕೆ ಸಿಂಪಡಿಸುವ ಔಷಧವಾದರೆ ಕೊಯ್ಲಿಗೆ ಇಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಡಬ್ಬಿಯ ಮೇಲಾದರೂ ಬರೆದಿರುತ್ತದೆ. ಕಿತ್ತ ಮೇಲೆ ಅದ್ದಿದ್ದಕ್ಕೆ ಯಾವ ಕಾಯುವ ದಿನ? ಲಿಂಬೆ ಅಂದರೆ ಬಾಳೆಹಣ್ಣಲ್ಲ ಸ್ವಾಮಿ, ಸಿಪ್ಪೆ ಸುಲಿದು ಬಿಸಾಡಲು. ಉಪ್ಪಿನಕಾಯಿಗೆ ಸಿಪ್ಪೆ ಸಮೇತ ಹೋಗುತ್ತದೆ. ಶರಬತ್ತಿಗೆ ಹಿಂಡುವಾಗ ಸಿಪ್ಪೆಯ ಎಣ್ಣೆಯೂ ಲೋಟಕ್ಕೆ ಬರುತ್ತದೆ.

ಆ ಪುಡಿ ಯಾವುದು ಅಂತ ನಾನು ಹೇಳಲಾರೆ, ಪೊಟ್ಟಣವೇ ಹೇಳದಿದ್ದ ಮೇಲೆ. ಆದರೆ ಬೂಷ್ಟುನಾಶಕಗಳ ಕತೆ ಗೊತ್ತಿರುವುದೇ. ರೈತರಿಗೆ ಚೆನ್ನಾಗಿ ಪರಿಚಯವಿರುವ ಕಾರ್ಬೆಂಡಜಿಮ್‌ಗೆ ಯುರೋಪಿನಲ್ಲಿ ಈಗ ಅನುಮತಿ ಇಲ್ಲ. ನಮ್ಮ ಕೇಂದ್ರ ಸರ್ಕಾರವೇ 2020ರ ಮೇ ತಿಂಗಳಲ್ಲಿ ನಿಷೇಧಿಸಬೇಕು ಅಂತ ಹೊರಡಿಸಿದ ಕರಡಿನ 27 ಕೀಟನಾಶಕಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಹೊರದೇಶಗಳ ಪ್ಯಾಕಿಂಗ್ ಮನೆಗಳಲ್ಲಿ ಕಿತ್ತಳೆಗೆ ದಶಕಗಳಿಂದ ಥಯಾಬೆಂಡಝೋಲ್, ಇಮಝಲಿಲ್ ಅನ್ನುವ ಬೂಷ್ಟುನಾಶಕ ಹಾಕುತ್ತಾ ಬಂದಿದ್ದಾರೆ. ಕೊನೆಗೆ ಆ ಔಷಧಕ್ಕೂ ಬಗ್ಗದ ಹಸಿರು ಬೂಷ್ಟು ಅಲ್ಲೇ ಬೆಳೆದು ನಿಂತಿತು. 2023ರಲ್ಲಿ ಇಂಡಿ ಲಿಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಾಗ ಇಲ್ಲಿ ನಾವು ಪೇಡೆ ಹಂಚಿದೆವು. ಊರಿನ ಹೆಸರು ಹೊತ್ತ ಹಣ್ಣು ಹೆಸರಿಲ್ಲದ ಪುಡಿಯಲ್ಲಿ ಅದ್ದಿಕೊಂಡು ಬರುವುದು ಸರಿಯಾ?

ಬೇರೆ ದಾರಿ ಇದೆ. ಅದು ಹೊಸದೂ ಅಲ್ಲ.

1980ರ ದಶಕದಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಕಿಯರ್ನೀಸ್‌ವಿಲ್‌ನಲ್ಲಿರುವ ಸರ್ಕಾರಿ ಹಣ್ಣಿನ ಸಂಶೋಧನಾ ಕೇಂದ್ರದ ಚಾರ್ಲ್ಸ್ ವಿಲ್ಸನ್, ಇಸ್ರೇಲಿನ ವೋಲ್ಕಾನಿ ಕೇಂದ್ರದ ಎಡೋ ಚಾಲುಟ್ಜ್ ಸೇರಿ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ ತೊಳೆದ ನೀರನ್ನು ಪರೀಕ್ಷಿಸಿದರು. ಆ ನೀರನ್ನು ತೆಳ್ಳಗೆ ಮಾಡದೆ ಹಾಗೇ ತಟ್ಟೆಯ ಮೇಲೆ ಬೆಳೆಸಿದಾಗ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಮಾತ್ರ ಬಂದವು, ಬೂಷ್ಟು ಬರಲಿಲ್ಲ. ಅದೇ ನೀರನ್ನು ತೆಳ್ಳಗೆ ಮಾಡಿ ಬೆಳೆಸಿದಾಗ ಬೂಷ್ಟು ಎದ್ದಿತು. ಅಂದರೆ ಬೂಷ್ಟಿನ ಬೀಜ ಮೊದಲೂ ಅಲ್ಲೇ ಇತ್ತು. ಅದನ್ನು ಅದುಮಿ ಇಟ್ಟದ್ದು ಸಿಪ್ಪೆಯ ಮೇಲೆ ತಾನಾಗಿ ಬದುಕುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ. ತೊಳೆದ ಹಣ್ಣು ತೊಳೆಯದ ಹಣ್ಣಿಗಿಂತ ಬೇಗ ಕೊಳೆಯುವುದಕ್ಕೂ ಇದೇ ಕಾರಣ ಅಂತ ಅವರು ಕಂಡುಕೊಂಡರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಊರಿನ ತೊಟ್ಟಿಗಳು. ಒಂದೇ ನೀರಿನಲ್ಲಿ ದಿನವಿಡೀ ಕಾಯಿ ತೊಳೆದು ಹೊಳಪು ಬಂತು ಅಂತ ಖುಷಿಪಡುತ್ತಾರೆ. ಕಾವಲಿಗೆ ಇದ್ದದ್ದು ತೊಳೆದು ಹೋಯಿತು, ಬೂಷ್ಟಿನ ಬೀಜ ಎಲ್ಲ ಕಾಯಿಗೂ ಸಮನಾಗಿ ಹಂಚಿತು!

ಯೀಸ್ಟ್ ಮಾಡುವ ಮುಖ್ಯ ಕೆಲಸ ಬೂಷ್ಟನ್ನು ಕೊಲ್ಲುವುದಲ್ಲ. ಹಬ್ಬದ ದಿನ ವಿಜಯಪುರದ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಅದೇ ಕೆಲಸ. ಗಾಯಕ್ಕೆ ಮೊದಲು ಹೋಗಿ ಕೂರುವುದು. ಅಲ್ಲಿನ ಸಕ್ಕರೆ, ಅಮೈನೋ ಆಮ್ಲಗಳನ್ನು ಬೇಗ ಬೇಗ ತಿಂದು ಮುಗಿಸುತ್ತದೆ. ಅಂಟು ಪೊರೆ ಕಟ್ಟಿ ಜಾಗ ಹಿಡಿಯುತ್ತದೆ. ಆಮೇಲೆ ಬಂದ ಬೂಷ್ಟಿನ ಬೀಜಕ್ಕೆ ಮೊಳೆಯಲು ಏನೂ ಸಿಗುವುದಿಲ್ಲ. ಮೆಟ್ಷ್‌ನಿಕೋವಿಯಾ ಅನ್ನುವ ಗುಂಪಿನ ಕೆಲವು ಯೀಸ್ಟ್‌ಗಳು ಸುತ್ತಲಿನ ಕಬ್ಬಿಣದ ಅಂಶವನ್ನು ಕೆಂಪು ಬಣ್ಣದ ವಸ್ತುವಿನಲ್ಲಿ ಕಟ್ಟಿಹಾಕುತ್ತವೆ, ಕಬ್ಬಿಣ ಸಿಗದೆ ಬೂಷ್ಟು ಸೊರಗುತ್ತದೆ. ಇನ್ನು ಕೆಲವು ಬೂಷ್ಟಿನ ಎಳೆಗೆ ಅಂಟಿಕೊಂಡು ಅದರ ಗೋಡೆ ಕರಗಿಸುವ ಕಿಣ್ವ ಬಿಡುತ್ತವೆ. ಹಣ್ಣಿನ ಸ್ವಂತ ರಕ್ಷಣೆಯನ್ನು ಎಚ್ಚರಿಸುವವೂ ಇವೆ. ಒಂದೊಂದು ಯೀಸ್ಟ್‌ಗೆ ಒಂದೊಂದು ಚಾಳಿ.

ಇದು ಬರೀ ಪ್ರಯೋಗಶಾಲೆಯಲ್ಲಿ ಉಳಿದದ್ದೂ ಅಲ್ಲ. ಕ್ಯಾಂಡಿಡಾ ಓಲಿಯೋಫಿಲಾ ಅನ್ನುವ ಯೀಸ್ಟಿನಿಂದ ಮಾಡಿದ ‘ಆಸ್ಪೈರ್’ ಅಮೆರಿಕದಲ್ಲಿ 1995ರಲ್ಲೇ ನೋಂದಣಿ ಆಯಿತು. ದಕ್ಷಿಣ ಆಫ್ರಿಕಾದಲ್ಲಿ ಇನ್ನೊಂದು ಯೀಸ್ಟಿನ ಸರಕು ಬಂತು. ಇಸ್ರೇಲಿನಲ್ಲಿ ದ್ರಾಕ್ಷಿಯ ಮೇಲೆ ಸಿಕ್ಕ ಮೆಟ್ಷ್‌ನಿಕೋವಿಯಾ ಫ್ರುಕ್ಟಿಕೋಲಾದಿಂದ ‘ಶೆಮರ್’ ಬಂತು. ಕ್ಯಾಂಡಿಡಾ ಓಲಿಯೋಫಿಲಾದ ಮತ್ತೊಂದು ತಳಿಗೆ ಯುರೋಪಿಯನ್ ಒಕ್ಕೂಟ 2013ರಲ್ಲಿ ಒಪ್ಪಿಗೆ ಕೊಟ್ಟಿತು. ಎಲ್ಲವೂ ಗೆದ್ದವು ಅಂತ ನಾನು ಹೇಳುತ್ತಿಲ್ಲ. ಆಸ್ಪೈರ್ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಹೋಯಿತು. ಪ್ರಯೋಗಶಾಲೆಯಲ್ಲಿ ಬಂದ ಫಲಿತಾಂಶ ಪ್ಯಾಕಿಂಗ್ ಮನೆಯಲ್ಲಿ ಒಂದೇ ಸಮ ಬರಲಿಲ್ಲ. ಕಡಿಮೆ ಪ್ರಮಾಣದ ಥಯಾಬೆಂಡಝೋಲ್ ಜತೆ ಸೇರಿಸಿದಾಗ ಮಾತ್ರ ಪೂರ್ಣ ಔಷಧಕ್ಕೆ ಸಮ ನಿಂತಿತು.

ಆ ಸೋಲಿನಿಂದ ನಾವು ಕಲಿಯಬೇಕಾದ್ದು ಬಹಳ ಇದೆ. ಯೀಸ್ಟ್ ಕಾವಲುಗಾರನೇ ಹೊರತು ವೈದ್ಯನಲ್ಲ. ಬೂಷ್ಟು ಸಿಪ್ಪೆಯ ಅಡಿಗೆ ಇಳಿದ ಮೇಲೆ ಹಾಕಿದರೆ ನೀರು ಹಾಕಿದಂತೆಯೇ ಸರಿ. ಹಾಗಾಗಿ ಪುಣೆಯಲ್ಲಿ ನಾನು ಎಷ್ಟು ಅದ್ದಿದರೂ ಪ್ರಯೋಜನವಿಲ್ಲ. ಕಿತ್ತ ದಿನವೇ, ತೋಟದ ಹತ್ತಿರವೇ ಆಗಬೇಕು. ಎಲ್ಲ ಹಣ್ಣಿಗೂ ಇದು ಒಗ್ಗುವುದಿಲ್ಲ. ಮಾವಿನ ಚಿಬ್ಬು ರೋಗದ ಶಿಲೀಂಧ್ರ ಕಾಯಿ ಎಳೆಯದಾಗಿದ್ದಾಗಲೇ ಸಿಪ್ಪೆಯೊಳಗೆ ಸೇರಿ ಸುಮ್ನೆ ಮಲಗಿರುತ್ತದೆ, ಹಣ್ಣಾಗುವಾಗ ಏಳುತ್ತದೆ. ಆ ಜಾಗಕ್ಕೆ ಯೀಸ್ಟ್ ತಲುಪುವುದೇ ಕಷ್ಟ, ಅಲ್ಲಿ ಬಿಸಿನೀರಿನ ಉಪಚಾರವೇ ವಾಸಿ. ಲಿಂಬೆಯ ಹಸಿರು ಬೂಷ್ಟು ಹಾಗಲ್ಲ. ಅದು ಕೊಯ್ಲಿನ ಗಾಯದಿಂದಲೇ ಒಳಗೆ ಬರುವುದು. ಗಾಯ ಆದ ಹೊತ್ತಿಗೂ ಬೂಷ್ಟು ಇಳಿಯುವ ಹೊತ್ತಿಗೂ ನಡುವೆ ನಮಗೆ ಒಂದು ದಿನದ ಅವಕಾಶ ಇದೆ. ಯೀಸ್ಟ್ ಹಾಕಿ ನೋಡಲು ಲಿಂಬೆಗಿಂತ ತಕ್ಕ ಹಣ್ಣು ನಮ್ಮ ಕಡೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಕೋಲ್ಡ್ ಸ್ಟೋರೇಜ್ ಕೊಡುತ್ತೇವೆ, ಸಾಕಲ್ವಾ ಅಂತ ಕೇಳುವವರಿದ್ದಾರೆ. ಕೊಡಿ, ಬೇಕು. ಆದರೆ ಲಿಂಬೆಯನ್ನು ಬಹಳ ತಂಪಿಗೆ ಇಡಲಾಗುವುದಿಲ್ಲ. ಸುಮಾರು 10 ಡಿಗ್ರಿಗಿಂತ ಕೆಳಗೆ ತುಂಬ ದಿನ ಇಟ್ಟರೆ ಸಿಪ್ಪೆಯ ಮೇಲೆ ಕಂದು ಗುಳಿ ಬೀಳುತ್ತವೆ, ಆ ಗುಳಿಯೇ ಮತ್ತೆ ಬೂಷ್ಟಿಗೆ ಬಾಗಿಲು. ನೀಲಿ ಬೂಷ್ಟು ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಮುಟ್ಟಿದ ಪಕ್ಕದ ಕಾಯಿಗೂ ದಾಟುತ್ತದೆ.

ಈಗ ನನ್ನ ದೂರು.

ಮಾರುಕಟ್ಟೆಯಲ್ಲಿ ಯಾವುದಕ್ಕೆ ಬೇಡಿಕೆ ಇದೆ ಅಂತ ವಾಸನೆ ಹಿಡಿಯುವವರು ವಿಜ್ಞಾನಿಗಳಿಗಿಂತ ಚುರುಕು. ಕಳೆದ ಮಳೆಗಾಲದಲ್ಲಿ ಒಬ್ಬ ಮಾರಾಟಗಾರ ‘ನೈಸರ್ಗಿಕ ಯೀಸ್ಟ್ ದ್ರಾವಣ’ ಅಂತ ಬಾಟಲಿ ಹಿಡಿದುಕೊಂಡು ನಮ್ಮ ರೈತರ ಮನೆ ಬಾಗಿಲಿಗೇ ಹೋಗಿದ್ದ. ನನ್ನ ಅಂಗಡಿಗೆ ಮಾಲು ಕಳಿಸುವ ಹಿರಿಯರೊಬ್ಬರು ಕೊಂಡರು. ಬಾಟಲಿಯನ್ನು ಲೋಡಿನ ಜತೆ ನನಗೆ ಕಳಿಸಿಕೊಟ್ಟು, ಇದು ಏನು ಅಂತ ಓದಿ ಹೇಳಪ್ಪ ಅಂದರು. ಎಲೆಯ ಚಿತ್ರ ಇತ್ತು, ಹಣ್ಣಿನ ಚಿತ್ರ ಇತ್ತು. ಯಾವ ಯೀಸ್ಟ್? ಹೆಸರಿಲ್ಲ. ಒಂದು ಮಿಲಿಲೀಟರಿನಲ್ಲಿ ಎಷ್ಟು ಜೀವಂತ ಕೋಶ? ಇಲ್ಲ. ಎಲ್ಲಿಡಬೇಕು, ಎಷ್ಟು ದಿನದೊಳಗೆ ಬಳಸಬೇಕು? ಇಲ್ಲ. ನೋಂದಣಿ ಸಂಖ್ಯೆಯೂ ಇಲ್ಲ. ಮುಚ್ಚಳ ತೆಗೆದರೆ ಹುಳಿ ಹೆಂಡದ ವಾಸನೆ. ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ಇಟ್ಟ ಬಾಟಲಿಯಲ್ಲಿ ಜೀವಂತವಾಗಿ ಏನು ಉಳಿದಿತ್ತೋ! ಆ ಲೋಡು ಬೇರೆಯವಕ್ಕಿಂತ ಹೆಚ್ಚೇ ಕೊಳೆತಿತ್ತು. ಮಾರಿದವನ ಫೋನ್ ಈಗ ಹತ್ತುವುದಿಲ್ಲ.

ಹಿರಿಯರು ಬಾಟಲಿ ಹಿಡಿದುಕೊಂಡು ಒಂದು ಕಚೇರಿಗೆ ಹೋದರು. ಇದು ಔಷಧ ಅಲ್ಲ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರಂತೆ. ಇನ್ನೊಂದು ಕಚೇರಿಯಲ್ಲಿ, ಇದು ಗೊಬ್ಬರವೂ ಅಲ್ಲ, ಆಹಾರದವರ ಹತ್ತಿರ ಹೋಗಿ ಅಂದರು. ಅಲ್ಲಿಂದ ಮತ್ತೆ ಮೊದಲನೇ ಮೇಜಿಗೆ. ಕಾನೂನು ಇಷ್ಟು ಗೊಂದಲವಾಗಿಲ್ಲ ಸ್ವಾಮಿ. 1968ರ ಕೀಟನಾಶಕ ಕಾಯ್ದೆಯ ಕಣ್ಣಿಗೆ ಶಿಲೀಂಧ್ರ ತಡೆಯುವ ಔಷಧವೂ ಕೀಟನಾಶಕವೇ. ಜೀವಾಣುಗಳಿಂದ ಮಾಡಿದ ಜೈವಿಕ ಕೀಟನಾಶಕಕ್ಕೂ ಕೇಂದ್ರದ ನೋಂದಣಿ ಸಮಿತಿಯ ಒಪ್ಪಿಗೆ ಬೇಕು. ಟ್ರೈಕೋಡರ್ಮಾ, ಸ್ಯೂಡೋಮೋನಾಸ್ ಪೊಟ್ಟಣಗಳ ಮೇಲೆ ನೋಂದಣಿ ಸಂಖ್ಯೆ ಇರುವುದು ಅದಕ್ಕೇ. ‘ಬೂಷ್ಟು ತಡೆಯುತ್ತದೆ’ ಅಂತ ಬರೆದು ಮಾರುವವನು ‘ಇದು ನೈಸರ್ಗಿಕ’ ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳುವಂತಿಲ್ಲ.

ನೈಸರ್ಗಿಕ ಅಂದರೆ ನಿರಪಾಯ ಅಂತಲೂ ಅಲ್ಲ. 2022ರಲ್ಲಿ ದೆಹಲಿಯ ಸಂಶೋಧಕರು ಸಂಗ್ರಹಿಸಿಟ್ಟ ಸೇಬಿನ ಮೇಲೆ ಕ್ಯಾಂಡಿಡಾ ಆರಿಸ್ ಅನ್ನುವ ಯೀಸ್ಟ್ ಸಿಕ್ಕಿದ್ದನ್ನು ವರದಿ ಮಾಡಿದರು. ಆಸ್ಪತ್ರೆಗಳಲ್ಲಿ ರೋಗಿಗಳ ಪ್ರಾಣಕ್ಕೇ ಕುತ್ತು ತರುವ, ಔಷಧಕ್ಕೆ ಸುಲಭವಾಗಿ ಬಗ್ಗದ ಯೀಸ್ಟ್ ಅದು. ಸೇಬಿಗೆ ಹಾಕುವ ಬೂಷ್ಟುನಾಶಕಗಳೇ ಇಂಥ ಗಟ್ಟಿ ತಳಿಗಳನ್ನು ಆರಿಸಿ ಉಳಿಸುತ್ತಿರಬಹುದು ಅನ್ನುವ ಅನುಮಾನವನ್ನೂ ಅವರು ಮುಂದಿಟ್ಟರು. ಇದರಿಂದ ಎರಡು ಮಾತು ಹೊರಡುತ್ತದೆ. ಕಂಡ ಕಂಡ ಪುಡಿ ಅದ್ದುವುದು ನಿಲ್ಲಬೇಕು. ಹಾಗೇ ಕಂಡ ಕಂಡ ಯೀಸ್ಟ್ ಬೆಳೆಸಿ ಹಣ್ಣಿಗೆ ಬಳಿಯುವುದೂ ಆಗಬಾರದು. ಯಾವ ಯೀಸ್ಟ್ ಅಂತ ವಂಶವಾಹಿ ಪರೀಕ್ಷೆಯಲ್ಲಿ ಗುರುತಾಗಬೇಕು, ನಮ್ಮ ಮೈಯ 37 ಡಿಗ್ರಿ ಶಾಖದಲ್ಲಿ ಅದು ಬೆಳೆಯುತ್ತದೆಯೇ ಅಂತ ನೋಡಬೇಕು, ಆಮೇಲೆ ಮುಂದಿನ ಮಾತು. ಬೇಕರಿ ಯೀಸ್ಟ್ ಕಲಸಿ ಅದ್ದಿದರೆ ಆಗಲ್ವಾ ಅಂತ ನನ್ನನ್ನೇ ಇಬ್ಬರು ಮೂವರು ಕೇಳಿದ್ದಾರೆ. ಅದನ್ನು ಜನ ಆರಿಸಿ ಬೆಳೆಸಿದ್ದು ಹಿಟ್ಟು ಉಬ್ಬಿಸಲು. ಲಿಂಬೆಯ ಸಿಪ್ಪೆಯ ಮೇಲೆ, ಬಿಸಿಲು ಗಾಳಿಯಲ್ಲಿ, ಗಾಯ ಹಿಡಿದು ಕೂರಲು ಅಲ್ಲಿನ ನೆಲಕ್ಕೆ ಒಗ್ಗಿದ ಯೀಸ್ಟ್ ಬೇಕು.

ಹಾಗಾಗಿ ನಿಮ್ಮಲ್ಲಿ ನನ್ನ ಮೊದಲ ಕೋರಿಕೆ: ಇಂಡಿ, ಸಿಂದಗಿ ಕಡೆಯ ಲಿಂಬೆ ತೋಟಗಳಲ್ಲೇ ಯೀಸ್ಟ್ ಹುಡುಕಿಸಿ. ಔಷಧ ಹೊಡೆಯದ ಹಳೆಯ ಗಿಡಗಳ ಸಿಪ್ಪೆ, ಹೂವು, ಎಲೆಯಿಂದ ಹುಡುಕಿಸಿ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬದುಕಿ ಉಳಿದದ್ದು ಹೊರದೇಶದಿಂದ ತರಿಸಿದ ಯೀಸ್ಟಿನ ಪುಡಿಗಿಂತ ನಮಗೆ ಹೊಂದುವ ಸಾಧ್ಯತೆ ಜಾಸ್ತಿ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ನಿಮ್ಮ ಕೈಯಲ್ಲೇ ಇದೆ. ಹೆಸರಘಟ್ಟದಲ್ಲಿ ಕೇಂದ್ರದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಇಂಡಿಯಲ್ಲೇ ಲಿಂಬೆ ಅಭಿವೃದ್ಧಿ ಮಂಡಳಿ ಇದೆ. ಇನ್ನು ಪುಣೆಯಲ್ಲಿ ಏನಿದೆ ಅಂತ ನಾನು ಹೇಳುತ್ತೇನೆ. ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೈಗಾರಿಕಾ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹ ಇದೆ, ಅದರಲ್ಲಿ ಯೀಸ್ಟ್‌ಗಳೂ ಇವೆ. ಅಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹ ಇದೆ. ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರವೂ ಇಲ್ಲೇ. ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ. ಎಲ್ಲವೂ ನನ್ನ ಅಂಗಡಿಯಿಂದ ರಿಕ್ಷಾ ಹಿಡಿದು ಹೋಗುವಷ್ಟು ದೂರ. ಯೀಸ್ಟ್ ಗುರುತಿಸಲು, ಕಾಪಿಟ್ಟುಕೊಳ್ಳಲು ಇದಕ್ಕಿಂತ ಅನುಕೂಲದ ಊರು ಸಿಗಲಿಕ್ಕಿಲ್ಲ. ಎರಡು ರಾಜ್ಯ ಅಂತ ಕಡತ ನಿಲ್ಲುವುದಾದರೆ ಒಂದು ಒಪ್ಪಂದ ಮಾಡಿಕೊಳ್ಳಿ. ಲಿಂಬೆ ಗಾಡಿಗೆ ಗಡಿ ಅಡ್ಡ ಬಂದಿಲ್ಲ, ಕಾಗದಕ್ಕೆ ಯಾಕೆ ಬರಬೇಕು?

ಎರಡನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಪ್ರಯೋಗವನ್ನು ಗಾಜಿನ ತಟ್ಟೆಯಲ್ಲಿ ಮುಗಿಸಬೇಡಿ. ಆಸ್ಪೈರ್ ಎಡವಿದ್ದು ತಟ್ಟೆಯಲ್ಲಿ ಅಲ್ಲ, ಅಲ್ಲಿಂದ ಆಚೆ. ವಿಜ್ಞಾನಿಗಳು ಸೂಜಿಯಿಂದ ಒಂದೇ ಅಳತೆಯ ಗಾಯ ಮಾಡಿ, ಯೀಸ್ಟ್ ಹಾಕಿ, ಆಮೇಲೆ ಬೂಷ್ಟು ಹಾಕಿ ಎಣಿಸುತ್ತಾರೆ. ಅದು ಬೇಕು. ಆದರೆ ನಮ್ಮ ಗಾಯ ಮುಳ್ಳಿನದು, ದಬ್ಬಣದ್ದು, ಕೊಕ್ಕೆಯದು. ನಮ್ಮ ಕಾಯಿ ಗೋಣಿಯೊಳಗೆ ಬೆವರುತ್ತದೆ, ತಾಡಪತ್ರೆಯ ಕೆಳಗೆ ರಾತ್ರಿಯಿಡೀ ಅಲುಗಾಡುತ್ತದೆ. ಒಂದೇ ತೋಟದ, ಒಂದೇ ದಿನ ಕಿತ್ತ ಕಾಯಿಯನ್ನು ಪಾಲು ಮಾಡಿ. ಒಂದು ಪಾಲು ಹಾಗೇ ಬರಲಿ, ಒಂದು ನೀರಲ್ಲಿ ತೊಳೆದು ಬರಲಿ, ಒಂದು ಯೀಸ್ಟ್ ಅದ್ದಿ ಬರಲಿ, ಇನ್ನೊಂದು ಅಡುಗೆ ಸೋಡಾದ ನೀರು ಮತ್ತು ಯೀಸ್ಟ್ ಎರಡೂ ಆಗಿ ಬರಲಿ. ಸೋಡಾ ಒಂದೇ ಹಾಕಿದರೂ ಹಸಿರು ಬೂಷ್ಟು ತಗ್ಗುತ್ತದೆ ಅನ್ನುವುದು ಹಳೆಯ ತಿಳಿವಳಿಕೆ, ಯೀಸ್ಟ್ ಜತೆಗೆ ಇನ್ನೂ ಚೆನ್ನ ಅಂತ ಪ್ರಯೋಗಗಳು ಹೇಳಿವೆ. ಎಲ್ಲ ಪಾಲೂ ಒಂದೇ ಗಾಡಿಯಲ್ಲಿ ಬರಲಿ. ಮಳೆಗಾಲದಲ್ಲಿ ಮಾಡಿ, ಬೇಸಿಗೆಯಲ್ಲಿ ಮಾಡಿ. ಕೊನೆಗೆ ಲೆಕ್ಕ ನೋಡುವುದು ಪಟ್ಟಿಯಲ್ಲಿ. ಯಾವ ಪಾಲಿಗೆ ಎಷ್ಟು ದರ ಬಂತು, ಅದ್ದಿದ ಖರ್ಚು ಕಳೆದು ರೈತನಿಗೆ ಏನು ಉಳಿಯಿತು. ಸೋತರೆ ಸೋತಿತು ಅಂತ ಕನ್ನಡದಲ್ಲಿ ಪ್ರಕಟಿಸಿ. ಸೋತದ್ದನ್ನು ಮುಚ್ಚಿಟ್ಟರೆ ಮುಂದಿನ ವರ್ಷ ಮತ್ತೊಬ್ಬ ಬಾಟಲಿ ಹಿಡಿದು ಬರುತ್ತಾನೆ.

ಆ ಬಾಟಲಿಗಳ ಮೇಲೆ ಇಂದೇ ಕ್ರಮ ಶುರುಮಾಡಬಹುದು, ಅದಕ್ಕೆ ಸಂಶೋಧನೆ ಏನೂ ಬೇಡ. ಹಣ್ಣಿನ ಬೂಷ್ಟಿಗೆ ಅಂತ ಮಾರುವ ಯಾವುದೇ ವಸ್ತುವಿನ ಮೇಲೆ ಜೀವಿಯ ಹೆಸರು, ತಳಿ, ಜೀವಂತ ಕೋಶಗಳ ಎಣಿಕೆ, ತಯಾರಾದ ದಿನ, ಇಡಬೇಕಾದ ಉಷ್ಣತೆ, ನೋಂದಣಿ ಸಂಖ್ಯೆ ಇರಲೇಬೇಕು. ಸಾಮಾನ್ಯವಾಗಿ ಅದ್ದುವ ನೀರಿನಲ್ಲಿ ಮಿಲಿಲೀಟರಿಗೆ 1 ಕೋಟಿಯಿಂದ 10 ಕೋಟಿ ಕೋಶ ಇದ್ದರೆ ಮಾತ್ರ ಯೀಸ್ಟ್ ಗಾಯ ಹಿಡಿಯುತ್ತದೆ. ಎಣಿಕೆ ಇಲ್ಲದ ಬಾಟಲಿಗೆ ಅರ್ಥವೇ ಇಲ್ಲ. ಪೊಟ್ಟಣದ ಪುಡಿಗೂ ಇದೇ ಮಾತು. ವಿಜಯಪುರ ಜಿಲ್ಲೆಯ ಅಂಗಡಿಗಳಲ್ಲಿ ಮಾದರಿ ತೆಗೆಸಿ, ಮಾರುಕಟ್ಟೆಗೆ ಹೊರಟ ಲಿಂಬೆಯ ಸಿಪ್ಪೆಯಲ್ಲಿ ಔಷಧದ ಉಳಿಕೆ ಪರೀಕ್ಷಿಸಿ. ರೈತರನ್ನು ಹಿಡಿಯಲು ಅಲ್ಲ, ಮಾರಿದವರನ್ನು ಹಿಡಿಯಲು. ಯಾರ ಹತ್ತಿರ ದೂರು ಕೊಡಬೇಕು ಅಂತ ಒಬ್ಬ ಅಧಿಕಾರಿಯ ಹೆಸರು ಹೇಳಿ. ಒಂದೇ ಮೇಜು ಸಾಕು.

ಯೀಸ್ಟ್ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಗಾಯವೇ ಕಡಿಮೆ ಆದರೆ ಅರ್ಧ ಗೆದ್ದಂತೆ. ಗೋಣಿ, ದಬ್ಬಣ, ಕೊಕ್ಕೆ ಬಿಟ್ಟು ಪ್ಲಾಸ್ಟಿಕ್ ಕ್ರೇಟಿಗೆ ಬನ್ನಿ ಅಂತ ನಾನು ರೈತರಿಗೆ ಹೇಳುತ್ತಲೇ ಇದ್ದೇನೆ. ಖಾಲಿ ಕ್ರೇಟ್ ವಾಪಸ್ ಕಳಿಸುವ ಬಾಡಿಗೆ ಯಾರು ಕೊಡುತ್ತಾರೆ ಅಂತ ಅವರು ತಿರುಗಿ ಕೇಳುತ್ತಾರೆ. ಕೇಳುವುದು ನ್ಯಾಯವೇ. ಆ ಬಾಡಿಗೆಗೆ ಸಹಾಯಧನ ಕೊಡಿ, ತೊಳೆದ ಕ್ರೇಟ್ ಮಾತ್ರ ತೋಟಕ್ಕೆ ಹೋಗಬೇಕು ಅಂತ ಷರತ್ತು ಹಾಕಿ. ಇಂಡಿಯಲ್ಲಿ ನೆರಳು, ಶುದ್ಧ ನೀರು, ಅದ್ದುವ ತೊಟ್ಟಿ, ಒಣಗಿಸುವ ಫ್ಯಾನು ಇರುವ ಪ್ಯಾಕಿಂಗ್ ಮನೆ ಆಗಬೇಕು. ದೊಡ್ಡ ಕಟ್ಟಡ ಬೇಡ. ಯೀಸ್ಟ್ ಬಂದ ದಿನ ಅದನ್ನು ಬಳಸಲು ಜಾಗ ಅಂತ ಒಂದು ಇರಬೇಕಲ್ಲ.

ನನ್ನ ಕಡೆಯಿಂದ ಮಾಡಬಹುದಾದ್ದನ್ನೂ ಬರೆಯುತ್ತೇನೆ. ಪ್ರಯೋಗದ ಲೋಡುಗಳನ್ನು ನನ್ನ ಗಾಳಾದಲ್ಲಿ ಬೇರೆ ಬೇರೆ ಇಳಿಸಿಕೊಳ್ಳುತ್ತೇನೆ. ಕಮಿಷನ್ ಬೇಡ. ಖರೀದಿದಾರರಿಗೆ ಯಾವ ಪಾಲು ಯಾವುದು ಅಂತ ಹೇಳದೆ ಹರಾಜು ಮಾಡುತ್ತೇನೆ, ಕೊಳೆತದ್ದನ್ನು ನಿಮ್ಮ ವಿಜ್ಞಾನಿಗಳ ಎದುರೇ ಆರಿಸಿ ತೂಗಿಸುತ್ತೇನೆ. ಹಳೆಯ ಪಟ್ಟಿಗಳ ಪುಸ್ತಕ ನನ್ನಲ್ಲಿವೆ. ಯಾವ ತಿಂಗಳು ಬೂಷ್ಟಿನಿಂದ ಎಷ್ಟು ದರ ಬಿದ್ದಿತ್ತು ಅಂತ ಅದರಲ್ಲಿ ತೆಗೆಯಬಹುದು, ರೈತರ ಹೆಸರು ಮುಚ್ಚಿ ಕೊಡುತ್ತೇನೆ. ಆ ಹುಳಿ ವಾಸನೆಯ ಬಾಟಲಿಯೂ ಅರ್ಧ ಉಳಿದಿದೆ, ಪರೀಕ್ಷೆಗೆ ಬೇಕಾದರೆ ಕಳಿಸುತ್ತೇನೆ. ನಿಮ್ಮ ಇಲಾಖೆಯವರು ಬರುವುದಾದರೆ ಬೆಳಗಿನ ಜಾವ ನಾಲ್ಕಕ್ಕೆ ಬರಲಿ. ಹತ್ತು ಗಂಟೆಗೆ ಬಂದರೆ ಗುಡಿಸಿ ಆಗಿರುತ್ತದೆ.

ಉತ್ತರವನ್ನು ನನಗೆ ಕೊಡದಿದ್ದರೂ ಅಡ್ಡಿಯಿಲ್ಲ. ಇಂಡಿಯ ಲಿಂಬೆ ಬೆಳೆಗಾರರಿಗೆ, ಮಳೆಗಾಲದ ಆವಕ ಶುರುವಾಗುವ ಮೊದಲು ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಒಬ್ಬ ಕನ್ನಡಿಗ ಅಡತಿ ವ್ಯಾಪಾರಿ
ಪುಣೆ